ತುಳುಕು

ಇಗ್ಶಾನ್ ಹಳೆಯ ಮ್ಯಾನಿಫೋಲ್ಡ್ ಬಿಚ್ಚಿದ ದಿನ
ಆಗ್ನೇಯದ ಗಾಳಿ ಬೋ-ಕಾಪಿನ ಬೀದಿಗಳಲ್ಲಿ
ಕಸದ ಡಬ್ಬಿಗಳನ್ನು ಅಟ್ಟಿಕೊಂಡು ಹೋಗುತ್ತಿತ್ತು.
ಊರಿಗೆಲ್ಲ ಇಷ್ಟು ಗಾಳಿ,
ನನ್ನ ಕಡೆಟ್‌ಗೆ ಮಾತ್ರ ಉಸಿರು ಸಾಲದು, ಅಂದ ನನ್ನ ತಮ್ಮ.

ಮೊಣಕೈಯಂತೆ ಬಾಗಿದ್ದವು ನಾಲ್ಕು ನೀಳ ಕೊಳವೆ.
ಗೇಣಿಗಿಂತ ಗಿಡ್ಡ ಕತ್ತರಿಸಿದ.
ಮೇಲೆ ಅಲ್ಯುಮಿನಿಯಮ್ಮಿನದೊಂದು ಪೆಟ್ಟಿಗೆ,
ಎರಡು ಪೌಂಡು ಬ್ರೆಡ್ಡು ಹಿಡಿಯುವಷ್ಟು.
ಅಂಗಿಗೆ ಗುಂಡಿ ಹೊಲಿಯಲು ಬಾರದವನ ಬೆಸುಗೆ
ಕಸೂತಿಯ ಹಾಗಿತ್ತು.

ಬುಧವಾರ ರಾತ್ರಿ ಕಿಲಾರ್ನಿಯಲ್ಲಿ
ಕಾಲು ಮೈಲಿಗೆ ಅರ್ಧ ಸೆಕೆಂಡು ಉಳಿಸಿದ.
ಮುಳ್ಳು ಐದು ಸಾವಿರ ದಾಟಿದ್ದೇ ತಡ
ಬೆನ್ನಿಗೆ ಯಾರೋ ಒದ್ದ ಹಾಗೆ, ಅಕ್ಕಾ.
ಆ ಅರ್ಧ ಸೆಕೆಂಡನ್ನು ಮೂರು ದಿನ
ಜೇಬಿನಲ್ಲಿಟ್ಟುಕೊಂಡು ತಿರುಗಿದ.

ನಾಲ್ಕನೆಯ ದಿನ ಭಾನುವಾರ.
ಬೆಳಗಿನ ಜಾವಕ್ಕೇ ಎದ್ದು ಅಮ್ಮ
ಸೋಂಪು, ಏಲಕ್ಕಿ, ಒಣಗಿದ ಕಿತ್ತಳೆಸಿಪ್ಪೆ ಕುಟ್ಟಿ
ಹದಿನೈದು ಡಜನ್ ಕುಸಿಸ್ಟರ್ ಕರಿದಿದ್ದಳು.
ಪಾಕಕ್ಕೆ ಅದ್ದುವುದು ಮಾತ್ರ ಗಿರಾಕಿಯ ಬಾಗಿಲಲ್ಲೇ,
ಬಿಸಿಬಿಸಿ, ಕಣ್ಣೆದುರು. ಅದು ಅವಳ ಹಟ.
ಹಾಗಾಗಿ ಪಾಕದ ಬೋಗುಣಿ ನನ್ನ ತೊಡೆಯ ಮೇಲೆ.

ಲಾಂಗ್‌ಮಾರ್ಕೆಟ್ ಬೀದಿಯ ಏರು, ಎದುರಿಗೆ ಹಾಲಿನ ವ್ಯಾನು.
ನಿಂತೆವು. ಮತ್ತೆ ಹೊರಡಬೇಕು.
ಇಗ್ಶಾನ್ ಪೆಡಲು ಒತ್ತಿದ.
ಮೊದಲು ಏನೂ ಇಲ್ಲ.
ಕೇಳಿಸಿತೋ ಇಲ್ಲವೋ ಎನ್ನುವಂಥ ಮೌನ.
ಆಮೇಲೊಂದು ಕೆಮ್ಮು.
ಆಮೇಲೆ ಒಂದೇ ನೆಗೆತ, ಮತ್ತೆ ಇಂಜಿನ್ ಸತ್ತಿತು.
ತುಂಬಿದ ಕೊಡ ತುಳುಕುವುದಿಲ್ಲವಂತೆ.
ಹಾಗಂದವರು ಈ ಕಾರಿನಲ್ಲಿ ಕೂತವರಲ್ಲ.
ಪಾಕ ನನ್ನ ಸ್ಕರ್ಟಿಗೆ, ಸೀಟಿಗೆ, ಹ್ಯಾಂಡ್‌ಬ್ರೇಕಿನ ಬುಡಕ್ಕೆ.
ಅಮ್ಮ ಹಿಂದಿನ ಸೀಟಿನಲ್ಲಿ ಕಿಟಕಿಯಾಚೆ ನೋಡುತ್ತ
ಮನೆಗಳ ಬಣ್ಣ ಎಣಿಸುತ್ತಿದ್ದಳು.

ಬೂತಾ ತೋಯರ್ ಬಂದರಿನ ಹಡಗುಗಳ ಇಂಜಿನ್ ಕಂಡವನು.
ಕತ್ತರಿಸಿ ಬಿಸುಟ ಕೊಳವೆಯ ತುಂಡನ್ನೆತ್ತಿ
ತುಟಿಗಿಟ್ಟು ಊದಿದ. ಕೀಚಲು ದನಿ.
ಗಾಳಿ ಮುಚ್ಚಿದ ವಾಲ್ವಿಗೆ ಹಣೆ ಬಡಿದು ಹಿಂದಿರುಗುತ್ತೆ,
ಕೊಳವೆಯ ತುದಿ ಮುಟ್ಟಿ ಮತ್ತೆ ಬರುತ್ತೆ.
ಬರುವ ಹೊತ್ತಿಗೆ ಬಾಗಿಲು ತೆರೆದಿರಬೇಕು, ಅಷ್ಟೆ.
ನೀನು ದಾರಿ ಗಿಡ್ಡ ಮಾಡಿದೆ, ಅದು ಬೇಗ ಬರುತ್ತೆ.
ಇಂಜಿನ್ನೂ ಓಟದಲ್ಲಿದ್ದರೆ ಸರಿಯೇ ಸರಿ.
ನಿಧಾನದಲ್ಲಿದ್ದರೆ, ಪಾಪ,
ಹೊತ್ತಲ್ಲದ ಹೊತ್ತಿಗೆ ಬಂದ ನೆಂಟ, ಹೊಸ್ತಿಲಿಂದಲೇ ವಾಪಸು.
ಕೊಳವೆ ಕೆಳಗಿಟ್ಟು ಅಂದ:
ನಿಮ್ಮಮ್ಮ ಐದು ಸಾವಿರದಲ್ಲಿ ಬದುಕುತ್ತಿಲ್ಲ ಮಗಾ.

ಇಗ್ಶಾನ್ ಎರಡು ದಿನ ಯಾರ ಹತ್ತಿರವೂ ಮಾತಾಡಲಿಲ್ಲ.
ಆಮೇಲೆ ಶುರುವಾಯಿತು ರಾತ್ರಿಯ ಕೆಲಸ.
ಕೊಳವೆಗೆ ನಾಲ್ಕು ಬೆರಳು ಸೇರಿಸಿದ, ಪೆಟ್ಟಿಗೆ ಕಿರಿದು ಮಾಡಿದ.
ಪಕ್ಕದ ಸೀಟಿನಲ್ಲಿ ನೀರು ತುಂಬಿದ ಬೋಗುಣಿ,
ಅದಕ್ಕೂ ಬೆಲ್ಟು ಕಟ್ಟಿ ಅದೇ ಏರು ಹತ್ತಿದ.
ಚೆಲ್ಲಿದ್ದನ್ನು ಟವಲಿಗೆ ಹೀರಿಸಿ
ಅಮ್ಮನ ಹಿಟ್ಟಿನ ತಕ್ಕಡಿಯಲ್ಲಿ ತೂಗಿದ.
ಮುನ್ನೂರ ಹತ್ತು ಗ್ರಾಮು.
ಇನ್ನೆರಡು ಬೆರಳು. ನೂರ ನಲವತ್ತು.
ಗ್ಯಾಸ್ಕೆಟ್ಟಿಗೆ ನನ್ನ ಹತ್ತಿರವೇ ಸಾಲ.
ಥ್ರಾಟಲ್ ಮೊದಲ ಗುಟುಕಿಗೇ ಪೂರ್ತಿ ಬಾಯ್ತೆರೆಯದಂತೆ
ಕೇಬಲ್ಲಿನ ಚಕ್ರ ಅರದಲ್ಲಿ ಉಜ್ಜಿದ.
ಮೂವತ್ತೈದು.
ಟವಲು ತೂಗುವಾಗ ಅವನ ಮುಖ
ಕಿಲಾರ್ನಿಯಲ್ಲೂ ಅಷ್ಟು ಗಂಭೀರವಾಗಿದ್ದುದನ್ನು ನಾನು ಕಂಡಿಲ್ಲ.

ಉಳಿಸಿದ ಅರ್ಧ ಸೆಕೆಂಡಿನಲ್ಲಿ ಅರ್ಧ ಹೋಯಿತು.
ಆ ಗಿಡ್ಡ ಮ್ಯಾನಿಫೋಲ್ಡು ಗ್ಯಾರೇಜಿನ ಮೊಳೆಗೆ ನೇತುಬಿದ್ದಿದೆ,
ಒರೆಸಿ ಇಡುತ್ತಾನೆ, ಯಾಕೆಂದು ನಾನು ಕೇಳಿಲ್ಲ.

ಭಾನುವಾರ ಅಮ್ಮ ಏನೂ ಹೇಳದೆ
ಬೋಗುಣಿಗೆ ಒಂದು ಸೌಟು ಹೆಚ್ಚೇ ಸುರಿದಳು.
ಅದೇ ಏರು. ಅದೇ ಹಾಲಿನ ವ್ಯಾನು ಅನ್ನಿ ಬೇಕಾದರೆ.
ಹೊರಟಾಗ ಪಾಕದ ಮೈ ಸ್ವಲ್ಪ ವಾಲಿತು,
ಪಕ್ಕದವರ ಮಾತಿಗೆ ಕಿವಿ ಕೊಟ್ಟಂತೆ,
ಮತ್ತೆ ನೆಟ್ಟಗಾಯಿತು.

ಕೊನೆಯ ಡಜನ್ ಸೀ ಪಾಯಿಂಟಿನಲ್ಲಿ ಮುಗಿಯಿತು.
ಎದುರಿಗೆ ಕಡಲ ಬದಿಯ ರಸ್ತೆ, ಖಾಲಿ.
ಬೋಗುಣಿಯ ತಳ ಬೆರಳಲ್ಲಿ ಬಳಿದು ನೆಕ್ಕಿ
ಅಮ್ಮ ಹಿಂದಿನಿಂದ ಇಗ್ಶಾನನ ಭುಜ ತಟ್ಟಿದಳು:
ಈಗ ಒತ್ತು.